ಪ್ರೌಢಶಾಲೆಗೆ ಹೆಸರಿಗಷ್ಟೇ ಆಪ್ತ ಸಮಾಲೋಚಕರು ಬೇಡ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳಲ್ಲಿ ಆಪ್ತ ಸಮಾಲೋಚಕರು ಇರಬೇಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದೇ ಉತ್ತರ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣವನ್ನು ವಿಚಾರಿಸಿದ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಸೂಕ್ತ ಕಾನೂನು ರೂಪುಗೊಳ್ಳುವವರೆಗೆ ಅವೇ ಕಾನೂನಿನಂತೆ ಬದ್ಧವೆಂದೂ ಹೇಳಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯೂ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದು ಅವುಗಳಲ್ಲಿ ಒಂದು. ಬೆಂಗಳೂರಿನ ಬಹುಪಾಲು ಪ್ರೌಢಶಾಲೆಗಳು ಈ ನೂರರ ಗೆರೆಯನ್ನು ದಾಟುತ್ತವೆ. ಹಾಗಾಗಿ ನಮ್ಮ ಮುಂದೆ ಈಗ ಉಳಿದಿರುವುದು ಇದನ್ನು ಹೇಗೆ ಜಾರಿಗೆ ತರುತ್ತೇವೆ ಎಂಬ ವಿಚಾರ. ಅದರ ಬಗ್ಗೆ ನನಗಿರುವ ಆತಂಕವನ್ನು ತಮ್ಮ ಪತ್ರಿಕೆಯ ಓದುಗರೊಂದಿಗೆ, ಅವರ ನಡುವೆ ಇರಬಹುದಾದ ಶಿಕ್ಷಣ ಇಲಾಖೆಯ ಅಧಿಕಾರಿಗಳೊಂದಿಗೆ, ಹಂಚಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿ ನಿವೃತ್ತಳಾದವಳು. ಮೇಲಿನಿಂದ ಒಂದು ಆದೇಶ ಬಂದರೆ ಶಾಲೆಯಲ್ಲಿ ಅದು ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಇಕೋ ಕ್ಲಬ್ ಬಂದಾಗ ವಿಜ್ಞಾನದ ಮೇಷ್ಟ್ರಿಗೆ, ಮತದಾರರ ಸಾಕ್ಷರತಾ ಕ್ಲಬ್ ಬಂದಾಗ ಸಮಾಜ ವಿಜ್ಞಾನದವರಿಗೆ, ರಸ್ತೆ ಸುರಕ್ಷತೆಯ ಸುತ್ತೋಲೆ ಬಂದಾಗ ದೈಹಿಕ ಶಿಕ್ಷಕರಿಗೆ ಹೆಚ್ಚುವರಿ ಹೊಣೆ ಎಂದು ಒಂದು ಜ್ಞಾಪನ ಹೊರಡುತ್ತದೆ, ವಹಿ ತೆರೆಯುತ್ತದೆ, ವರದಿ ಹೋಗುತ್ತದೆ. ಆಪ್ತ ಸಮಾಲೋಚಕರ ವಿಷಯದಲ್ಲಿಯೂ ಇದೇ ನಡೆದೀತು ಎಂಬುದೇ ನನ್ನ ಭಯ. ಯಾರೋ ಒಬ್ಬ ಶಿಕ್ಷಕಿಗೆ ಎರಡು ದಿನದ ಕಾರ್ಯಾಗಾರ ಮಾಡಿಸಿ, ಪ್ರಮಾಣಪತ್ರ ಕೈಗಿತ್ತು, ಅವರ ಹೆಸರನ್ನು ಫಲಕದ ಮೇಲೆ ಬರೆದರೆ ಕಾಗದದ ಮಟ್ಟಿಗೆ ನ್ಯಾಯಾಲಯದ ಮಾತು ಪಾಲಿಸಿದಂತೆ ಕಾಣುತ್ತದೆ. ಮಗುವಿನ ಮಟ್ಟಿಗೆ ಮಾತ್ರ ಏನೂ ಆಗಿರುವುದಿಲ್ಲ.

ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಶಿಕ್ಷಕರೇ ಮಕ್ಕಳಿಗೆ ಅತ್ಯುತ್ತಮ ಸಮಾಲೋಚಕರಲ್ಲವೇ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುವವರು ಬಹಳ ಮಂದಿ ಇದ್ದಾರೆ. ಮಗುವಿನಲ್ಲಾದ ಬದಲಾವಣೆಯನ್ನು ಮೊದಲು ಗುರುತಿಸಬೇಕಾದವರು ತರಗತಿ ಶಿಕ್ಷಕರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಕ ಕೊಡುವವರು ಅವರೇ, ಹಾಜರಿ ಹಾಕುವವರು ಅವರೇ, ಸಮವಸ್ತ್ರ ಇಲ್ಲದೆ ಬಂದರೆ ಹೊರಗೆ ನಿಲ್ಲಿಸುವವರು ಅವರೇ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎನ್ನುವವರೂ ಅವರೇ. ಮನೆಯಲ್ಲಿ ಕುಡಿದು ಬಂದು ಹೊಡೆಯುವ ಅಪ್ಪ ಇದ್ದಾನೆಂಬುದನ್ನು ಆ ಅಪ್ಪನಿಗೇ ಫೋನ್ ಮಾಡುವ ಅಧಿಕಾರವಿರುವ ವ್ಯಕ್ತಿಯ ಮುಂದೆ ಮಗು ಹೇಗೆ ಹೇಳೀತು? ಗಣಿತದ ತರಗತಿಗೆ ಬರಲು ಹೆದರಿ ಬೆಳಿಗ್ಗೆ ಹೊಟ್ಟೆನೋವೆಂದು ಮಲಗುವ ಹುಡುಗಿ ಆ ಮಾತನ್ನು ಗಣಿತದ ಶಿಕ್ಷಕರ ಪಕ್ಕದ ಕುರ್ಚಿಯಲ್ಲಿ ಕೂರುವವರ ಬಳಿ ಹೇಗೆ ಆಡಿಯಾಳು? ಶಿಕ್ಷಕರ ಪ್ರೀತಿಯಲ್ಲಿ ಕೊರತೆ ಇದೆ ಎಂದು ನಾನು ಹೇಳುತ್ತಿಲ್ಲ. ಅವರು ಕುಳಿತಿರುವ ಸ್ಥಾನದಲ್ಲಿಯೇ ಆ ಅಡ್ಡಿ ಇದೆ. ಇದರ ಜೊತೆಗೆ ಪಾಠ ಮುಗಿಸುವ ಒತ್ತಡ, ದತ್ತಾಂಶ ತುಂಬುವ ಕೆಲಸ, ಬಿಸಿಯೂಟದ ಲೆಕ್ಕ, ಚುನಾವಣೆ ಮತ್ತು ಸಮೀಕ್ಷೆಯ ಕರ್ತವ್ಯಗಳ ನಡುವೆ ಒಂದು ಮಗುವಿನೊಂದಿಗೆ ಮುಕ್ಕಾಲು ಗಂಟೆ ಸುಮ್ಮನೆ ಕೂರುವ ಬಿಡುವು ಅವರಿಗೆ ಎಲ್ಲಿದೆ?

ಈ ನಗರದ ಪ್ರೌಢಶಾಲೆಗೆ ಬರುವ ಮಕ್ಕಳು ಯಾರೆಂಬುದನ್ನೂ ನೋಡಬೇಕು. ಸಮಾಲೋಚನೆ ಎಂದ ಕೂಡಲೇ ಪರೀಕ್ಷೆಯ ಒತ್ತಡವೊಂದೇ ಎಲ್ಲರ ಕಣ್ಣಿಗೆ ಬರುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಹೊತ್ತು ತರುವ ಭಾರ ಅದಕ್ಕಿಂತ ಬಹಳ ಹಿಂದಿನಿಂದ ಬಂದಿರುತ್ತದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಿಗೆ ದುಡಿಯಲು ಹೋಗುವ ತಾಯಂದಿರ ಮಕ್ಕಳು ಬೆಳಿಗ್ಗೆ ತಮ್ಮನಿಗೆ ತಿಂಡಿ ಮಾಡಿ, ನೀರು ಹಿಡಿದು, ಆಮೇಲೆ ಬಿಎಂಟಿಸಿ ಬಸ್ಸಿಗೆ ಓಡುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳಿಗೆ ಶೆಡ್ ಬದಲಾದಾಗಲೆಲ್ಲ ಶಾಲೆಯೂ ಬದಲಾಗುತ್ತದೆ, ಗೆಳೆಯರೂ ಬದಲಾಗುತ್ತಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡಿ ಶಾಲೆಯಲ್ಲಿ ಬೇರೊಂದು ಮಾಧ್ಯಮದಲ್ಲಿ ಓದುವ ಮಕ್ಕಳು ತರಗತಿಯಲ್ಲಿ ಬಾಯಿ ಬಿಡದಿದ್ದರೆ ಮಂಕು ಎಂಬ ಹಣೆಪಟ್ಟಿ ಬೀಳುತ್ತದೆ. ಇನ್ನೊಂದು ಸಂಗತಿಯನ್ನು ನಮ್ಮ ಚರ್ಚೆಗಳು ಮುಟ್ಟುವುದೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಉಚಿತ ಸೀಟು ಪಡೆದ ಮಕ್ಕಳಿಗೆ ಆ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಎಂಟು ವರ್ಷ ಜೊತೆಯಲ್ಲಿ ಕುಳಿತ ಸಹಪಾಠಿಗಳನ್ನು ಬಿಟ್ಟು ಬೇರೆ ಶಾಲೆಗೆ ಹೋಗಬೇಕು. ಹದಿನಾಲ್ಕರ ವಯಸ್ಸಿನಲ್ಲಿ, ನೀನು ಇಲ್ಲಿಯವನಲ್ಲ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಕೇಳಿಸಿಕೊಂಡ ಆ ಮಗುವನ್ನು ಹೊಸ ಶಾಲೆಯಲ್ಲಿ ಕೂರಿಸಿ ಮಾತನಾಡಿಸುವವರು ಯಾರೂ ಇರುವುದಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವಂಥ ಬದಲಾವಣೆಯ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚಿನ ಬೆಂಬಲ ಕೊಡಬೇಕು ಎಂಬುದು ಮಾರ್ಗಸೂಚಿಗಳಲ್ಲೂ ಇರುವ ಮಾತು.

ನಾವು ಕೆಲಸ ಮಾಡುತ್ತಿದ್ದ ಶಾಲೆಗೆ ಒಂದು ಸ್ವಯಂಸೇವಾ ಸಂಸ್ಥೆಯ ಯೋಜನೆಯಡಿ ಕೆಲ ಕಾಲ ವಾರಕ್ಕೊಮ್ಮೆ ಒಬ್ಬ ಸಮಾಲೋಚಕಿ ಬರುತ್ತಿದ್ದರು. ಒಂಬತ್ತನೇ ತರಗತಿಯ ಒಬ್ಬ ಹುಡುಗ ಬೆಳಗಿನ ಮೊದಲ ಎರಡು ಅವಧಿಗಳಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ರಾತ್ರಿಯಿಡೀ ಮೊಬೈಲ್ ನೋಡುತ್ತಾನೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ತಾಯಿಯನ್ನು ಕರೆಸಿ ಹೇಳಿದ್ದೂ ಆಗಿತ್ತು, ಅವರು ತಲೆ ತಗ್ಗಿಸಿ ಹೋದದ್ದೂ ಆಗಿತ್ತು. ಸಮಾಲೋಚಕಿ ಅವನನ್ನು ಯಾಕೆ ಮಲಗುತ್ತೀ ಎಂದು ಕೇಳಲಿಲ್ಲ. ಮನೆಯಲ್ಲಿ ಎಲ್ಲಿ ಮಲಗುತ್ತೀ, ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದರು. ಮೂರನೆಯ ಭೇಟಿಯಲ್ಲಿ ವಿಷಯ ಹೊರಬಂತು. ತಂದೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಹುಡುಗ ಚಿಕ್ಕಪ್ಪನ ಜೊತೆ ನಗರದ ಸಗಟು ಮಾರುಕಟ್ಟೆಯೊಂದರಲ್ಲಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಲಾರಿಗಳಿಂದ ಮೂಟೆ ಇಳಿಸುತ್ತಿದ್ದ. ಮನೆಯ ಮಾನ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಆಮೇಲೆ ಆಕೆ ಮಾಡಿದ್ದು ಉಪದೇಶವಲ್ಲ. ತಾಯಿಯೊಂದಿಗೆ ಮಾತನಾಡಿದರು, ಕಾರ್ಮಿಕ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಲು ಜೊತೆಗೆ ಓಡಾಡಿದರು, ಹುಡುಗನಿಗೆ ವಿದ್ಯಾರ್ಥಿನಿಲಯದಲ್ಲಿ ಸೀಟು ಕೊಡಿಸಲು ಮುಖ್ಯೋಪಾಧ್ಯಾಯರಿಂದ ಪತ್ರ ಬರೆಸಿದರು. ಸಮಾಲೋಚನೆ ಎಂದರೆ ಮಗುವಿಗೆ ಧೈರ್ಯ ಹೇಳಿ ಕಳಿಸುವುದು ಎಂದುಕೊಂಡಿದ್ದ ನಮಗೆಲ್ಲ, ಆ ಕೆಲಸದ ಅರ್ಧ ಭಾಗ ಕೋಣೆಯ ಹೊರಗೆ ನಡೆಯುತ್ತದೆ ಎಂಬುದು ಆಗ ತಿಳಿಯಿತು.

ಯೋಜನೆಯ ಅವಧಿ ಮುಗಿದ ಮೇಲೆ ಆಕೆ ಬರುವುದು ನಿಂತಿತು. ಸಂಸ್ಥೆಯ ತಪ್ಪಲ್ಲ, ಅವರ ಅನುದಾನ ಅಷ್ಟಕ್ಕೇ ಇತ್ತು. ಆದರೆ ಆ ವಾರದ ಆ ದಿನಕ್ಕಾಗಿ ಕಾಯುತ್ತಿದ್ದ ಮಕ್ಕಳು ಹಲವು ವಾರಗಳ ಕಾಲ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ದೊಡ್ಡವರನ್ನು ನಂಬಿ ಒಮ್ಮೆ ಬಾಯಿ ತೆರೆದ ಮಗುವಿನ ಎದುರು ಬಾಗಿಲು ಹಾಕಿಕೊಂಡರೆ ಎರಡನೆಯ ಸಲ ಅದು ಬಾಯಿ ತೆರೆಯುವುದು ಬಹಳ ಕಷ್ಟ. ಹಾಗಾಗಿ ಸಮಾಲೋಚಕರ ಹುದ್ದೆ ಯೋಜನೆಯ ಹುದ್ದೆಯಾಗಿರಬಾರದು, ಹತ್ತು ತಿಂಗಳ ಗೌರವಧನದ ಅತಿಥಿ ಹುದ್ದೆಯೂ ಆಗಿರಬಾರದು. ಎಂಟನೇ ತರಗತಿಗೆ ಸೇರಿದ ಮಗು ಹತ್ತು ಮುಗಿಸುವವರೆಗೆ ಅದೇ ಮುಖ ಅಲ್ಲಿ ಇರಬೇಕು. ದೈಹಿಕ ಶಿಕ್ಷಕರು, ಚಿತ್ರಕಲಾ ಶಿಕ್ಷಕರು ಎಂದು ಮಂಜೂರಾದ ಹುದ್ದೆಗಳಿರುವಂತೆಯೇ ಇದಕ್ಕೂ ಮಂಜೂರಾತಿ, ವೃಂದ ಮತ್ತು ನೇಮಕಾತಿ ನಿಯಮ, ವೇತನ ಶ್ರೇಣಿ ಇರಬೇಕು ಎಂಬುದು ನನ್ನ ಮೊದಲ ಒತ್ತಾಯ.

ಗೋಪ್ಯತೆಯ ವಿಚಾರ ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುತ್ತೇನೆ. ನನಗೆ ಗೊತ್ತಿರುವ ಒಂದು ಖಾಸಗಿ ಶಾಲೆಯಲ್ಲಿ ಸಮಾಲೋಚಕಿ ಇದ್ದರು, ಕೋಣೆಯೂ ಇತ್ತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ತಂದೆ ತಾಯಿ ಬೇರೆಯಾಗುತ್ತಿದ್ದಾರೆಂದು ಅಲ್ಲಿ ಅತ್ತಳು. ಯಾರು ಬಂದಿದ್ದರು, ಏನು ಹೇಳಿದರು ಎಂಬ ವಹಿಯನ್ನು ಆಡಳಿತ ಮಂಡಳಿ ತರಿಸಿಕೊಂಡು ನೋಡುವ ಪದ್ಧತಿ ಆ ಶಾಲೆಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಶಿಕ್ಷಕರ ಕೊಠಡಿಯಲ್ಲಿತ್ತು, ಮರುದಿನ ತರಗತಿಯಲ್ಲಿತ್ತು. ಆ ವರ್ಷ ಮುಗಿಯುವವರೆಗೂ ಆ ಕೋಣೆಗೆ ತಾವಾಗಿ ಹೋದ ಮಕ್ಕಳು ಯಾರೂ ಇರಲಿಲ್ಲ, ಶಿಕ್ಷೆಯ ರೂಪದಲ್ಲಿ ಕಳಿಸಿದವರು ಮಾತ್ರ ಹೋಗುತ್ತಿದ್ದರು. ಗಲಾಟೆ ಮಾಡಿದ ಹುಡುಗನನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕಳಿಸುವ ಬದಲು ಸಮಾಲೋಚಕರ ಕೋಣೆಗೆ ಕಳಿಸುವ ಈ ಅಭ್ಯಾಸ ಹಲವು ಶಾಲೆಗಳಲ್ಲಿದೆ. ಅಲ್ಲಿಗೆ ಹೋದವನು ಕೆಟ್ಟ ಹುಡುಗ ಅಥವಾ ತಲೆ ಸರಿಯಿಲ್ಲದವನು ಎಂಬ ಮಾತು ಹುಟ್ಟುವುದು ಹೀಗೆಯೇ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ತನ್ನ 23ನೇ ಸೆಕ್ಷನ್‌ನಲ್ಲಿ ಮಾನಸಿಕ ಅಸ್ವಾಸ್ಥ್ಯವಿರುವ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಅದೇ ತತ್ವವನ್ನು ಶಾಲೆಯ ಕೋಣೆಗೂ ಲಿಖಿತ ನಿಯಮವಾಗಿ ತರಬೇಕು. ಹಾಗೆಂದು ಈ ಗೋಪ್ಯತೆಗೆ ಎಲ್ಲೆಯೇ ಇಲ್ಲವೆಂದಲ್ಲ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಪೋಷಕರಿಗೂ ವೈದ್ಯರಿಗೂ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ; ಮುಚ್ಚಿಡುವುದು 21ನೇ ಸೆಕ್ಷನ್ ಪ್ರಕಾರ ಅಪರಾಧ. ಬಾಲ್ಯವಿವಾಹದ ಸಿದ್ಧತೆ ನಡೆದಿದೆ ಎಂದು ಹುಡುಗಿ ಹೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು. ಈ ಎಲ್ಲೆಗಳನ್ನು ಸಮಾಲೋಚಕರು ಮೊದಲ ಭೇಟಿಯಲ್ಲಿಯೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಬೇಕು: ಇಂತಿಂಥ ವಿಷಯಗಳನ್ನು ನಾನು ಬೇರೆಯವರಿಗೆ ಹೇಳಬೇಕಾಗುತ್ತದೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ, ಉಳಿದದ್ದೆಲ್ಲ ಇಲ್ಲಿಯೇ ಇರುತ್ತದೆ ಎಂದು. ಹೀಗೆ ಮುಂಚಿತವಾಗಿ ಹೇಳಿದಾಗ ಮಕ್ಕಳು ಮಾತು ನಿಲ್ಲಿಸುವುದಿಲ್ಲ, ಇನ್ನಷ್ಟು ನಂಬುತ್ತಾರೆ ಎಂಬುದು ಈ ಕೆಲಸ ಮಾಡಿದವರಿಂದ ನಾನು ಕೇಳಿ ತಿಳಿದ ವಿಷಯ. ಎಷ್ಟು ಮಕ್ಕಳು ಬಂದರು, ಯಾವ ಬಗೆಯ ತೊಂದರೆಗಳು ಎಂಬ ಹೆಸರಿಲ್ಲದ ಲೆಕ್ಕವಷ್ಟೇ ಮೇಲಿನವರಿಗೆ ಹೋಗಬೇಕು. ಸುಪ್ರೀಂ ಕೋರ್ಟ್ ಕೂಡ ಗುರುತು ಮರೆಮಾಡಿದ ದಾಖಲೆಗಳನ್ನೇ ಕೇಳಿದೆ.

ಅಂಕಿಅಂಶಗಳನ್ನು ಹೆಚ್ಚು ಹೇಳುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಅಸ್ವಾಸ್ಥ್ಯವಿದೆ ಎಂದಿತು. ಮಹಾನಗರಗಳಲ್ಲಿ ಈ ಪ್ರಮಾಣ ಗ್ರಾಮೀಣ ಭಾಗದ ಸುಮಾರು ಎರಡು ಪಟ್ಟು ಇತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ಇವರಲ್ಲಿ 2,248 ಸಾವುಗಳಿಗೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದನ್ನು ಕಾರಣವಾಗಿ ದಾಖಲಿಸಲಾಗಿದೆ. ಉಳಿದ ಹತ್ತು ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಪರೀಕ್ಷೆಯ ಫಲಿತಾಂಶ ಕಾರಣವಾಗಿ ದಾಖಲಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಪರೀಕ್ಷೆಗೆ ಮುನ್ನ ಒಂದು ಪ್ರೇರಣಾ ಭಾಷಣ ಏರ್ಪಡಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಶಾಲೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರೀಕ್ಷೆಯ ಒತ್ತಡ ಸಣ್ಣದೆಂದು ಇದರ ಅರ್ಥವಲ್ಲ. ಎಸ್ಸೆಸ್ಸೆಲ್ಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿರುವುದು ಮಕ್ಕಳ ಪಾಲಿಗೆ ನಿಜವಾದ ನೆಮ್ಮದಿ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಫಲಿತಾಂಶ ಬಂದ ದಿನ ಜಿಲ್ಲೆಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡುವ ಪದ್ಧತಿ ಹಾಗೆಯೇ ಇದೆ. ಜಿಲ್ಲೆಯ ಸ್ಥಾನ ಕುಸಿದರೆ ಉಪನಿರ್ದೇಶಕರಿಗೆ ಪ್ರಶ್ನೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರಿಂದ ಮುಖ್ಯೋಪಾಧ್ಯಾಯರಿಗೆ, ಅಲ್ಲಿಂದ ಶಿಕ್ಷಕರಿಗೆ ನೋಟಿಸು. ಕೊನೆಗೆ ಆ ಭಾರವೆಲ್ಲ ಬಂದು ನಿಲ್ಲುವುದು ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಏಳು ತೆಗೆದ ಮಗುವಿನ ತಲೆಯ ಮೇಲೆ. ಅಂಕದ ಆಧಾರದಲ್ಲಿ ಎ, ಬಿ, ಸಿ ಎಂದು ವಿಭಾಗ ಮಾಡುವುದು, ನಿಧಾನ ಕಲಿಕೆಯವರ ಪಟ್ಟಿಯನ್ನು ಗೋಡೆಗೆ ಅಂಟಿಸುವುದು, ಪೋಷಕರ ಸಭೆಯಲ್ಲಿ ಎಲ್ಲರೆದುರು ಅಂಕ ಓದಿ ತಾಯಿಯನ್ನು ನಿಲ್ಲಿಸುವುದು ಈಗಲೂ ನಡೆಯುತ್ತಿವೆ. ಇವನ್ನು ಆದಷ್ಟೂ ಕೈಬಿಡಬೇಕೆಂದು ಸುಪ್ರೀಂ ಕೋರ್ಟಿನ ಅದೇ ಮಾರ್ಗಸೂಚಿಗಳು ಹೇಳುತ್ತವೆ. ಎಂಟನೇ ತರಗತಿಯವರೆಗಿನ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿ ವರ್ಷಗಳೇ ಕಳೆದಿವೆ. ಒಂದು ಕಡೆ ಮಗುವನ್ನು ಪ್ರತಿದಿನ ಅವಮಾನಿಸುತ್ತಾ ಇನ್ನೊಂದು ಕಡೆ ಆ ಅವಮಾನವನ್ನು ತಾಳಿಕೊಳ್ಳುವ ಬಗೆಯನ್ನು ಕಲಿಸಲು ಸಮಾಲೋಚಕರನ್ನು ನೇಮಿಸುವುದು ಸೋರುವ ಮಾಡನ್ನು ಹಾಗೆಯೇ ಬಿಟ್ಟು ಕೆಳಗೆ ಪಾತ್ರೆ ಇಟ್ಟಂತೆ. ಶಾಲೆಯ ಯಾವ ಪದ್ಧತಿಯಿಂದ ಮಕ್ಕಳು ನೋಯುತ್ತಿದ್ದಾರೆ ಎಂದು ಮುಖ್ಯೋಪಾಧ್ಯಾಯರಿಗೆ ಹೇಳುವ ಹಕ್ಕು, ಅದನ್ನು ಬದಲಿಸುವಂತೆ ಕೇಳುವ ಹಕ್ಕು ಸಮಾಲೋಚಕರಿಗೆ ಇರಬೇಕು.

ಇನ್ನು ಯಾರನ್ನು ನೇಮಿಸಬೇಕು ಎಂಬುದು. ನಮ್ಮ ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ. ಸಮಾಲೋಚಕರು ಎಂದು ಫಲಕ ಹಾಕಿಕೊಳ್ಳಲು ಮಾತ್ರ ಅಂಥ ಬಿಗಿಯಾದ ತಡೆ ಇದುವರೆಗೆ ಇರಲಿಲ್ಲ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿದವರೂ, ವ್ಯಕ್ತಿತ್ವ ವಿಕಸನದ ಭಾಷಣಕಾರರೂ ಶಾಲೆಗಳಲ್ಲಿ ಈ ಸ್ಥಾನಕ್ಕೆ ಬಂದು ಕೂರುವುದು ಅಪಾಯಕಾರಿ. ಮನಶ್ಶಾಸ್ತ್ರದಲ್ಲಿ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮಕ್ಕಳೊಂದಿಗೆ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ, ಕನ್ನಡದಲ್ಲಿ ನಿರಾಯಾಸವಾಗಿ ಮಾತನಾಡುವ ಶಕ್ತಿ, ಇಷ್ಟನ್ನಾದರೂ ಕೇಳಬೇಕು. ಭಾಷೆಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಈ ವೃತ್ತಿಯ ಶಿಕ್ಷಣ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಆಂಗ್ಸೈಟಿ, ಡಿಪ್ರೆಶನ್ ಎಂದು ಕಲಿತು ಬಂದವರ ಮುಂದೆ ನಮ್ಮ ಮಗು ‘ಎದೆ ಢವಢವ ಅಂತದೆ ಮಿಸ್’, ‘ಏನೂ ಬ್ಯಾಡ ಅನ್ಸುತ್ತೆ’, ‘ತಲೆಯೊಳಗೆ ಗುಂಯ್ ಅಂತದೆ’ ಎನ್ನುತ್ತದೆ. ಆ ಮಾತಿನ ಹಿಂದಿನದು ಕೇಳಿಸಬೇಕಾದರೆ ಮನೆಯ ಕನ್ನಡ ಗೊತ್ತಿರಬೇಕು, ಉತ್ತರ ಕರ್ನಾಟಕದ ಕನ್ನಡವೂ ಗೊತ್ತಾಗಬೇಕು. ಶಿವಾಜಿನಗರ, ಡಿ.ಜೆ. ಹಳ್ಳಿಯಂಥ ಕಡೆ ಉರ್ದು ಅಥವಾ ತಮಿಳು ಬಲ್ಲವರಿಗೆ ಆದ್ಯತೆ ಕೊಡುವುದು ನ್ಯಾಯ.

ಈ ಅರ್ಹತೆಯವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಬೇರೆ ಜಿಲ್ಲೆಗಳಲ್ಲಿ ಸರಿಯಿರಬಹುದು, ಬೆಂಗಳೂರಿಗೆ ಒಪ್ಪುವುದಿಲ್ಲ. 1974ರಲ್ಲಿ ಈಗಿನ ರೂಪ ತಾಳಿದ ನಿಮ್ಹಾನ್ಸ್ ನಮ್ಮ ಹೊಸೂರು ರಸ್ತೆಯಲ್ಲಿಯೇ ಇದೆ. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. 2014ರಿಂದ ತಂತ್ರಜ್ಞಾನದ ಗೀಳಿಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ ಇದೆ. ಮಕ್ಕಳ ರಕ್ಷಣೆ ಮತ್ತು ಮನೋಸಾಮಾಜಿಕ ಆರೈಕೆಯಲ್ಲಿ ಕೆಲಸಗಾರರಿಗೆ ತರಬೇತಿ ಕೊಡುವ ಸಂವಾದ್ ಎಂಬ ರಾಷ್ಟ್ರೀಯ ಉಪಕ್ರಮವಿದೆ. ನಗರದ ವಿಶ್ವವಿದ್ಯಾಲಯಗಳಿಂದಲೂ ಕಾಲೇಜುಗಳಿಂದಲೂ ಪ್ರತಿ ವರ್ಷ ಮನಶ್ಶಾಸ್ತ್ರ, ಸಮಾಜಕಾರ್ಯದ ಸ್ನಾತಕೋತ್ತರ ಪದವೀಧರರು ಹೊರಬರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಇಡೀ ದೇಶ ಅದನ್ನು ಅನುಸರಿಸಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮನೋವೈದ್ಯಕೀಯವನ್ನು ಕೊಂಡೊಯ್ದು ತೋರಿಸಿದ ರಾಜ್ಯಕ್ಕೆ ತನ್ನ ರಾಜಧಾನಿಯ ಪ್ರೌಢಶಾಲೆಗೆ ಅದನ್ನು ತರಲು ಆಗುವುದಿಲ್ಲವೆಂದರೆ ನಾನು ಒಪ್ಪಲಾರೆ.

ಎಲ್ಲ ಹುದ್ದೆಗಳೂ ಒಂದೇ ವರ್ಷದಲ್ಲಿ ಭರ್ತಿಯಾಗುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಅಲ್ಲಿಯವರೆಗೆ ಒಂದು ದಾರಿ ಇದೆ. ಬೆಂಗಳೂರು ಉತ್ತರ ಮತ್ತು ದಕ್ಷಿಣ ಶೈಕ್ಷಣಿಕ ಜಿಲ್ಲೆಗಳಲ್ಲಿ ನಡೆದುಹೋಗುವಷ್ಟು ಹತ್ತಿರವಿರುವ ಎರಡು ಮೂರು ಸರ್ಕಾರಿ, ಅನುದಾನಿತ, ಪಾಲಿಕೆ ಪ್ರೌಢಶಾಲೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ಸಮಾಲೋಚಕರನ್ನು ನೇಮಿಸಿ, ಯಾವ ಶಾಲೆಗೆ ಯಾವ ದಿನ ಎಂಬುದನ್ನು ಬದಲಾಗದಂತೆ ನಿಗದಿ ಮಾಡುವುದು. ಇದು ನ್ಯಾಯಾಲಯ ಹೇಳಿದ್ದಕ್ಕಿಂತ ಕಡಿಮೆಯೇ, ಹಾಗಾಗಿ ಇದನ್ನು ತಾತ್ಕಾಲಿಕವೆಂದೇ ಬರೆದು, ಮುಗಿಯುವ ದಿನಾಂಕವನ್ನೂ ಬರೆಯಬೇಕು. ಕೋಣೆಗೆ ಹೊಸ ಕಟ್ಟಡ ಬೇಕಿಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಿಂದ ದೂರವಿರುವ, ಒಳಗಿನ ಮಾತು ಹೊರಗೆ ಕೇಳದ, ಬಾಗಿಲಲ್ಲಿ ನಿಂತವರಿಗೆ ಒಳಗೆ ಯಾರಿದ್ದಾರೆಂದು ಕಾಣದ ಒಂದು ಚಿಕ್ಕ ಕೊಠಡಿ ಸಾಕು. ಸಮಾಲೋಚಕರನ್ನು ಬದಲಿ ತರಗತಿಗೆ, ಪರೀಕ್ಷಾ ಮೇಲ್ವಿಚಾರಣೆಗೆ, ದತ್ತಾಂಶ ತುಂಬಲು ಕಳಿಸಬಾರದು ಎಂಬ ಸ್ಪಷ್ಟ ಆದೇಶ ಜೊತೆಗಿರಬೇಕು. ತಮ್ಮ ಕೈಮೀರಿದ ಮಗುವನ್ನು ಅವರು ಯಾವ ಆಸ್ಪತ್ರೆಗೆ, ಯಾರ ಬಳಿಗೆ, ಯಾವ ಪತ್ರದೊಂದಿಗೆ ಕಳಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹಾಗೆ ಇಲ್ಲದಿದ್ದರೆ ಗಾರ್ಮೆಂಟ್ಸ್‌ನ ತಾಯಿ ಒಂದು ದಿನದ ಕೂಲಿ ಕಳೆದುಕೊಂಡು ಮಗನನ್ನು ಕರೆದುಕೊಂಡು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು, ಎರಡನೆಯ ಸಲ ಬರುವುದಿಲ್ಲ.

ಶಿಕ್ಷಕರಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು ಎಂಬ ಮಾರ್ಗಸೂಚಿಯನ್ನೂ ಇಲ್ಲಿ ನೆನಪಿಸಬೇಕು. ಸಮಾಲೋಚಕರು ಬಂದ ಮೇಲೆ ಶಿಕ್ಷಕರ ಪಾತ್ರ ಕಡಿಮೆಯಾಗುವುದಿಲ್ಲ. ಚೆನ್ನಾಗಿ ಬರೆಯುತ್ತಿದ್ದ ಹುಡುಗಿಯ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ, ಊಟದ ಹೊತ್ತಿನಲ್ಲಿ ಒಬ್ಬನೇ ಕೂರುವ ಹುಡುಗನೊಬ್ಬ ತನ್ನ ಪ್ರಿಯವಾದ ವಸ್ತುಗಳನ್ನು ಗೆಳೆಯರಿಗೆ ಹಂಚತೊಡಗಿದರೆ, ಬಿಸಿಲಿನಲ್ಲೂ ಯಾರಾದರೂ ತೋಳು ಮುಚ್ಚುವ ಸ್ವೆಟರ್ ಬಿಚ್ಚದಿದ್ದರೆ ಮೊದಲು ಕಾಣುವುದು ಅವರ ಕಣ್ಣಿಗೇ. ಕಂಡದ್ದನ್ನು ಎಲ್ಲರೆದುರು ಪ್ರಶ್ನಿಸದೆ, ಆ ದಿನವೇ ಸಮಾಲೋಚಕರಿಗೆ ತಿಳಿಸುವುದನ್ನು ಕಲಿಸಬೇಕು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಮಗುವಿನ ತಲೆಗೆ ಬರುತ್ತದೆ ಎಂಬ ತಪ್ಪು ನಂಬಿಕೆ ಶಿಕ್ಷಕರಲ್ಲೂ ಪೋಷಕರಲ್ಲೂ ಗಟ್ಟಿಯಾಗಿದೆ. ಪ್ರೀತಿಯಿಂದ, ಏಕಾಂತದಲ್ಲಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಕೊನೆಯದಾಗಿ ತಮ್ಮ ಪತ್ರಿಕೆಗೂ ಒಂದು ಮನವಿ. ಆತ್ಮಹತ್ಯೆಯ ವರದಿಗಾರಿಕೆಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ ಎಂದು ಹೇಳುತ್ತವೆ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಫಲಿತಾಂಶದ ಮರುದಿನ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳು ಮುಖಪುಟ ತುಂಬುತ್ತವೆ. ಆ ಪುಟದಲ್ಲಿಯೇ ಅಷ್ಟೇ ದಪ್ಪಕ್ಷರದಲ್ಲಿ, ಅದೇ ವರ್ಷದ ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಹೇಗೆ ಎಂಬುದನ್ನೂ ಮಾನಸಿಕ ಆರೋಗ್ಯಕ್ಕೆ ನೆರವಾಗುವ ಟೆಲಿ-ಮನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನೂ ಅಚ್ಚು ಹಾಕಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಹೊತ್ತಿಗೆ ಬೆಂಗಳೂರಿನ ಎಷ್ಟು ಪ್ರೌಢಶಾಲೆಗಳಲ್ಲಿ ಅರ್ಹ ಸಮಾಲೋಚಕರು ನೇಮಕವಾಗಿದ್ದಾರೆ, ಎಷ್ಟು ಕಡೆ ಶಿಕ್ಷಕರ ಹೆಸರನ್ನೇ ಬರೆದು ತೋರಿಸಲಾಗಿದೆ ಎಂಬುದನ್ನು ತಮ್ಮ ವರದಿಗಾರರು ಶಾಲೆ ಶಾಲೆಗೆ ಹೋಗಿ ಕೇಳಿ ಬರೆದರೆ, ಇಲಾಖೆ ಆ ಪಟ್ಟಿಗೆ ಉತ್ತರ ಕೊಡಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ರಾಜಾಜಿನಗರ, ಬೆಂಗಳೂರು